ಲಿವರ್ ಕಸಿಯಾದ ಮಗುವಿಗೆ ಟ್ಯಾಕ್ರೊಲಿಮಸ್ ಎಂದಾದರೂ ನಿಲ್ಲಿಸಬಹುದೇ?

ಪ್ರಶ್ನೆ (ತಂದೆ, ದಾವಣಗೆರೆ)

ನಮ್ಮ ಮಗಳಿಗೆ ಹುಟ್ಟಿನಿಂದಲೇ ಪಿತ್ತನಾಳಗಳು ಮುಚ್ಚಿಹೋಗಿದ್ದವು. ಮೊದಲ ಶಸ್ತ್ರಚಿಕಿತ್ಸೆ ಫಲಿಸದ ಕಾರಣ, ಹನ್ನೊಂದನೆಯ ತಿಂಗಳಲ್ಲಿ ಅವಳ ತಾಯಿಯ ಲಿವರಿನ ಎಡಭಾಗವನ್ನು ಕಸಿ ಮಾಡಿದರು. ಈಗ ಅವಳಿಗೆ ಎಂಟು ವರ್ಷ. ಬೆಳಿಗ್ಗೆ ಎಂಟಕ್ಕೆ ಮತ್ತು ರಾತ್ರಿ ಎಂಟಕ್ಕೆ, ದೇಹ ಹೊಸ ಲಿವರನ್ನು ತಿರಸ್ಕರಿಸದಂತೆ ತಡೆಯುವ ಟ್ಯಾಕ್ರೊಲಿಮಸ್ ಒಂದೇ ನಡೆದಿದೆ; ಗಡಿಯಾರ ನೋಡಿಕೊಂಡು ಅವಳೇ ನೀರಿನ ಲೋಟ ಹಿಡಿದು ಬಂದು ನಿಲ್ಲುತ್ತಾಳೆ. ಎರಡು ವರ್ಷಗಳಿಂದ ಲಿವರಿನ ವರದಿಗಳೆಲ್ಲ ಸರಿಯಾಗಿವೆ. ಆದರೆ ಕಳೆದ ಸಲ, ಮೂತ್ರಪಿಂಡದ ಕೆಲಸವನ್ನು ತೋರಿಸುವ ಕ್ರಿಯಾಟಿನಿನ್ ತುಸು ಏರಿತ್ತು. ಈ ಔಷಧವೇ ಮೂತ್ರಪಿಂಡಕ್ಕೆ ಭಾರವಾಗಬಹುದು ಎಂದು ತಿಳಿದಂದಿನಿಂದ ನೆಮ್ಮದಿಯಿಲ್ಲ. ಕೆಲವು ಮಕ್ಕಳ ದೇಹ ಔಷಧವಿಲ್ಲದೆಯೇ ಹೊಸ ಲಿವರಿಗೆ ಒಗ್ಗಿಕೊಳ್ಳುತ್ತದೆ ಎಂದು ಓದಿದೆ. ತಾಯಿಯದೇ ಲಿವರ್ ಆದುದರಿಂದ ನಮ್ಮ ಮಗುವಿಗೂ ಅದು ಸಾಧ್ಯವೇ?

ಉತ್ತರ 1 (ಮಕ್ಕಳ ಲಿವರ್ ತಜ್ಞೆ)

ನೀವು ಓದಿದ್ದು ನಿಜ. ಅನ್ಯರ ಅಂಗಗಳಲ್ಲಿ ದೇಹ ಹೆಚ್ಚು ಸಹಿಸಿಕೊಳ್ಳುವುದು ಲಿವರನ್ನು. ಔಷಧವಿಲ್ಲದೆಯೂ ಹಂದಿಗಳಲ್ಲಿ ಕಸಿಯಾದ ಲಿವರ್ ಅನೇಕ ಸಲ ಉಳಿಯುತ್ತದೆ ಎಂಬುದನ್ನು ಇಂಗ್ಲೆಂಡಿನ ಶಸ್ತ್ರವೈದ್ಯ ರಾಯ್ ಕಾನ್ 1969ರಲ್ಲಿಯೇ ತೋರಿಸಿದ್ದರು. ಕರುಳಿನಿಂದ ಬರುವ ರಕ್ತವೆಲ್ಲ, ಆಹಾರದ ಅನ್ಯಪದಾರ್ಥಗಳನ್ನು ಹೊತ್ತು, ದಿನವಿಡೀ ಲಿವರಿನ ಮೂಲಕ ಹಾದುಹೋಗುತ್ತದೆ. ಕಂಡದ್ದರ ಮೇಲೆಲ್ಲ ಯುದ್ಧ ಹೂಡದಿರುವುದನ್ನು ಅದು ರೂಢಿಸಿಕೊಂಡಿದೆ. 2025ರ ವೈದ್ಯಕೀಯ ನೊಬೆಲ್ ಪ್ರಶಸ್ತಿಗೆ ಕಾರಣವಾದ, ರೋಗನಿರೋಧಕ ವ್ಯವಸ್ಥೆಗೆ ಕಡಿವಾಣ ಹಾಕುವ ನಿಯಂತ್ರಕ ಟಿ ಕೋಶಗಳಿಗೂ ಈ ಸಂಯಮದಲ್ಲಿ ಪಾಲಿದೆ ಎಂದು ತಿಳಿಯಲಾಗಿದೆ.

ಅಮೆರಿಕದಲ್ಲಿ ತಂದೆ ಅಥವಾ ತಾಯಿಯಿಂದ ಲಿವರ್ ಪಡೆದ 20 ಮಕ್ಕಳಿಗೆ, ಕನಿಷ್ಠ 36 ವಾರಗಳ ಕಾಲ ಹಂತಹಂತವಾಗಿ ಔಷಧ ಇಳಿಸಿ ನಿಲ್ಲಿಸಿದಾಗ, 12 ಮಕ್ಕಳು ವರ್ಷಕ್ಕೂ ಮೀರಿ ಔಷಧವಿಲ್ಲದೆ ಚೆನ್ನಾಗಿದ್ದರೆಂದು 2012ರಲ್ಲಿ ವರದಿಯಾಯಿತು. ಕಸಿಯಾಗಿ ಹೆಚ್ಚು ವರ್ಷ ಕಳೆದವರಲ್ಲಿ ಫಲ ಉತ್ತಮವಾಗಿತ್ತು. ಆದರೆ ಅನಂತರದ ದೊಡ್ಡ ಅಧ್ಯಯನದಲ್ಲಿ 88 ಮಕ್ಕಳ ಪೈಕಿ 33 ಮಂದಿಗೆ ಮಾತ್ರ ಅದು ಸಾಧ್ಯವಾಯಿತು. ತಾಯಿಯ ಲಿವರ್ ಎಂಬುದೊಂದರಿಂದಲೇ ಭರವಸೆ ಕೊಡಲಾಗದು.

ನನ್ನನ್ನು ಹೆಚ್ಚು ಎಚ್ಚರಿಸಿದ ಸಂಗತಿ ಬೇರೆ. ರಕ್ತಪರೀಕ್ಷೆ ಸಂಪೂರ್ಣ ಸರಿಯಿದ್ದ ಅನೇಕ ಮಕ್ಕಳ ಬಯಾಪ್ಸಿಯಲ್ಲಿ (ಲಿವರಿನ ಸಣ್ಣ ತುಣುಕು ತೆಗೆದು ನೋಡುವ ಪರೀಕ್ಷೆಯಲ್ಲಿ) ಉರಿಯೂತವೂ ನಾರುಗಟ್ಟುವಿಕೆಯೂ ಕಂಡುಬಂದಿವೆ. ಆದುದರಿಂದ ಬಯಾಪ್ಸಿ ನೋಡದೆ ಔಷಧ ನಿಲ್ಲಿಸುವುದಕ್ಕೆ ನಾನು ಒಪ್ಪುವುದಿಲ್ಲ. ನಿಮ್ಮ ಮಗುವಿನ ವಿಷಯದಲ್ಲಿ ನಿಲ್ಲಿಸುವುದಕ್ಕಿಂತ, ಎಷ್ಟರ ಮಟ್ಟಿಗೆ ಇಳಿಸಬಹುದು ಎಂದು ಕೇಳುವುದು ಮೇಲು. ಮೂತ್ರಪಿಂಡ ಉಳಿಸಲು ಟ್ಯಾಕ್ರೊಲಿಮಸ್ ಪ್ರಮಾಣ ತಗ್ಗಿಸಿ, ತಿರಸ್ಕಾರ ತಡೆಯುವ ಇನ್ನೊಂದು ಔಷಧವಾದ ಮೈಕೊಫಿನೊಲೇಟ್ ಸೇರಿಸುವ ದಾರಿಯೂ ಇದೆ. ಕಸಿ ಮಾಡಿದ ತಂಡದೊಡನೆ ಈ ಮಾತು ಎತ್ತಿ.

ಉತ್ತರ 2 (ತಾಯಿ, ಮೈಸೂರು)

ಲಿವರ್ ಕಸಿಯಾದ ನನ್ನ ಮಗ ಹದಿನೈದನೆಯ ವಯಸ್ಸಿನಲ್ಲಿ, ನಮಗೆ ಹೇಳದೆ, ತಾನಾಗಿಯೇ ಮಾತ್ರೆ ನಿಲ್ಲಿಸಿದ್ದ. ಹಾಸ್ಟೆಲಿನಿಂದ ಬಂದವನ ಕಣ್ಣು ಹಳದಿಯಾಗಿದ್ದುದನ್ನು ನೋಡಿ ಎದೆ ಧಸಕ್ಕೆಂದಿತು. ಕಂಪಾಸ್ ಪೆಟ್ಟಿಗೆಯಲ್ಲಿ ನಲವತ್ತಕ್ಕೂ ಹೆಚ್ಚು ಕ್ಯಾಪ್ಸೂಲುಗಳು ಸಿಕ್ಕವು. ರಕ್ತನಾಳದ ಮೂಲಕ ಸ್ಟೀರಾಯ್ಡ್ ಕೊಟ್ಟು ಲಿವರನ್ನು ಉಳಿಸಿಕೊಂಡರು. ಮೊದಲ ಮೂರು ವಾರ ಅವನಿಗೆ ಏನೂ ಅನಿಸಿರಲಿಲ್ಲವಂತೆ, ಹಾಗಾಗಿ ದೇಹ ಒಗ್ಗಿಕೊಂಡಿತೆಂದೇ ನಂಬಿದ್ದನಂತೆ. ವೈದ್ಯರ ಕಣ್ಗಾವಲಿನಲ್ಲಿ ಇಳಿಸುವುದಕ್ಕೂ ಹೀಗೆ ಬಿಟ್ಟುಬಿಡುವುದಕ್ಕೂ ಅಜಗಜಾಂತರವಿದೆ. ಅಂದಹಾಗೆ, ಮನೆಯ ಹಿತ್ತಲಿನಲ್ಲಿ ಚಕ್ಕೋತದ ಮರವಿದ್ದರೆ ಆ ಹಣ್ಣನ್ನು ಮಗುವಿಗೆ ಕೊಡಬೇಡಿ. ಅದು ರಕ್ತದಲ್ಲಿ ಟ್ಯಾಕ್ರೊಲಿಮಸ್ ಮಟ್ಟವನ್ನು ಏರಿಸಬಹುದು ಎಂದು ನಮಗೆ ಹೇಳಿದ್ದರು.

ಪ್ರಶ್ನೆ ಕೇಳಿದವರು

ಇಬ್ಬರಿಗೂ ಕೃತಜ್ಞತೆಗಳು. ಔಷಧದಲ್ಲಿ ಒಂದು ಹನಿಯನ್ನೂ ನಾವಾಗಿ ಬದಲಿಸುವುದಿಲ್ಲ. ಬಯಾಪ್ಸಿ ಎಂದರೆ ಅವಳ ತಾಯಿಗೆ ಭಯ. ಮಗುವಿಗೆ ಬಹಳ ನೋವಾಗುತ್ತದೆಯೇ?

ಉತ್ತರ (ಮಕ್ಕಳ ಲಿವರ್ ತಜ್ಞೆ)

ಮಂಪರು ಬರಿಸಿ, ಸ್ಕ್ಯಾನ್ ನೋಡುತ್ತಾ ಸೂಜಿಯಿಂದ ಎಳೆಯಷ್ಟು ಅಂಗಾಂಶ ತೆಗೆಯುತ್ತಾರೆ. ಅಪರೂಪಕ್ಕೆ ರಕ್ತಸ್ರಾವವಾಗಬಹುದು ಎಂಬ ಕಾರಣಕ್ಕೆ ಅನಂತರ ಕೆಲವು ಗಂಟೆ ಅಲುಗಾಡದೆ ಮಲಗಿರಬೇಕು. ಎಂಟು ವರ್ಷದ ಮಗುವಿಗೆ ಕಷ್ಟವೆನಿಸುವುದು ಇದೇ. ಇಷ್ಟದ ಕಥೆಪುಸ್ತಕಗಳನ್ನು ಜೊತೆಗೆ ಒಯ್ಯಿರಿ, ತಾಯಿ ಪಕ್ಕದಲ್ಲೇ ಕುಳಿತಿರಲಿ.