ಒಂದೇ ಮನೆ, ಮೂರು ಬಾಡಿಗೆದಾರರು: ವಿಳಾಸ ಬೇರೆ ಮಾಡುವುದು ಹೇಗೆ?

ಪ್ರಶ್ನೆ: ಶಿರಸಿಯಲ್ಲಿ ನಮ್ಮದು ಹಳೇ ಮನೆ. ಅದನ್ನೇ ಮೂರು ಭಾಗ ಮಾಡಿ ಬಾಡಿಗೆಗೆ ಕೊಟ್ಟಿದ್ದೇವೆ, ಕೆಳಗೆ ಎರಡು, ಮೇಲೆ ಒಂದು. ಮನೆ ನಂಬರ್ ಒಂದೇ. ಕೆಳಗೂ ಜಿ. ಹೆಗಡೆ, ಮೇಲೂ ಜಿ. ಹೆಗಡೆ! ಮೇಲಿನವರ ಎಟಿಎಂ ಕಾರ್ಡನ್ನು ಕೆಳಗಿನ ಮನೆ ಅಜ್ಜಿ ಸಹಿ ಹಾಕಿ ಇಸಿದುಕೊಂಡು, ಗೋಡೆ ಕ್ಯಾಲೆಂಡರ್ ಹಿಂದೆ ಸಿಕ್ಕಿಸಿ ಮರೆತೇಬಿಟ್ಟಿದ್ದರು. ಸಿಕ್ಕಿದ್ದು ಹನ್ನೆರಡು ದಿನ ಆದಮೇಲೆ. ನಗರಸಭೆಗೆ ಹೋಗಿ ಖಾತೆ ಒಡೆಸಬೇಕಾ?

ಉತ್ತರ (ನಿವೃತ್ತ ಪೋಸ್ಟ್‌ಮ್ಯಾನ್): ಬೇಡ ಅಕ್ಕಾ. ಖಾತೆ ಒಡೆಸುವುದು ಆಸ್ತಿ ಪಾಲಾದಾಗ, ಇಲ್ಲಾ ಒಂದು ಭಾಗ ಮಾರಿದಾಗ. ಬಾಡಿಗೆಗೆ ಅದರ ಗೊಡವೆ ಇಲ್ಲ. ನಿಮ್ಮ ನಂಬರ್ 47 ಅಂತಿಟ್ಟುಕೊಳ್ಳಿ. '47, ಮನೆ ಎ', '47, ಮನೆ ಬಿ', '47, ಮನೆ ಸಿ' ಅಂತ ನೀವೇ ಗುರುತು ಕೊಡಿ. 47/1 ಅಂತ ಮಾತ್ರ ಹಾಕಬೇಡಿ, ಆ ನಂಬರ್ ಪಕ್ಕದವರದ್ದೇ ಇದ್ದರೆ ಇನ್ನಷ್ಟು ಗೊಂದಲ. ಆಮೇಲೆ ಒಮ್ಮೆ 'ಮೇಲಿನ ಮನೆ', ಒಮ್ಮೆ 'ಫಸ್ಟ್ ಫ್ಲೋರ್' ಅಂತ ಬರೆಯಬಾರದು. ಬಾಡಿಗೆ ಕರಾರು, ಆಧಾರ್, ಬ್ಯಾಂಕು, ಗ್ಯಾಸ್ ಎಲ್ಲ ಕಡೆ ಅಕ್ಷರಕ್ಕೆ ಅಕ್ಷರ ಒಂದೇ ಇರಲಿ. ಮೊದಲು ಕರಾರಿನಲ್ಲಿ ಸರಿಯಾಗಿ ಬರೆಸಿ, ಆಧಾರ್ ವಿಳಾಸ ಬದಲಿಸಲು ಅದೂ ಒಂದು ದಾಖಲೆ.

ಬಾಗಿಲಿಗೆ ಹೆಸರು, ಅಕ್ಷರ ಎರಡೂ ಇರುವ ಫಲಕ ಹಾಕಿ. ಮೂರು ಡಬ್ಬಿ ಜಗಲಿ ಮಾಡಿನ ಒಳಗೇ ಇಡಿ. ಗೇಟಿಗೆ ತೂಗಿಬಿಟ್ಟರೆ ನಮ್ಮ ಮಳೆಗೆ ಕಾಗದ ಮುದ್ದೆಯಾಗುತ್ತದೆ, ಅಂಥ ಎಷ್ಟೋ ಕವರನ್ನು ಜನ ಒಲೆ ಪಕ್ಕ ಒಣಗಿಸಿದ್ದು ನೋಡಿದ್ದೇನೆ.

ಪ್ರಶ್ನೆ: ಡಿಜಿಪಿನ್ ಬರೆದರೆ ಸಾಕಲ್ವಾ ಅಣ್ಣಾ?

ಉತ್ತರ: ಅದು ಅಂಚೆ ಇಲಾಖೆ 2025ರಲ್ಲಿ ತಂದ 10 ಅಕ್ಷರ-ಅಂಕಿಯ ಕೋಡ್. ಸುಮಾರು 4 ಮೀಟರ್ ಉದ್ದ, ಅಷ್ಟೇ ಅಗಲದ ಜಾಗ ತೋರಿಸುತ್ತದೆ. ಮಹಡಿ ತೋರಿಸುವುದಿಲ್ಲ. ನಿಮ್ಮ ಇಬ್ಬರು ಹೆಗಡೆಯವರೂ ಒಂದೇ ಚೌಕದಲ್ಲಿ ಮೇಲೆ ಕೆಳಗೆ ಇದ್ದಾರೆ! ಅದರ ಬದಲು ಮೊಬೈಲ್ ನಂಬರ್ ಬರೆಸಿ.

ಇನ್ನೊಬ್ಬರು (ವೈರಿಂಗ್ ಕೆಲಸದವನು): ಮೀಟರ್ ಮೂರು ಇದೆಯಾ ಅಕ್ಕಾ? ಒಂದೇ ಇದ್ದರೆ ಮೂರೂ ಮನೆಯ ಯೂನಿಟ್ ಸೇರಿ 200 ದಾಟಬಹುದು, ಆಗ ಗೃಹಜ್ಯೋತಿ ಯಾರಿಗೂ ಸಿಗುವುದಿಲ್ಲ, ಪೂರ್ತಿ ಬಿಲ್ ಕಟ್ಟಬೇಕು. ಮೊದಲು ಒಳಗಿನ ವೈರಿಂಗ್ ಬೇರೆ ಮಾಡಿಸಿ, ಆಮೇಲೆ ಹೆಸ್ಕಾಂಗೆ ಅರ್ಜಿ ಕೊಡಿ. ಒಂದೊಂದು ಮೀಟರಿಗೂ ಬೇರೆ ಆರ್‌ಆರ್ ನಂಬರ್ ಬರುತ್ತದೆ, ಬಾಡಿಗೆಯವರು ತಮ್ಮ ಆಧಾರ್ ಜೋಡಿಸಿಕೊಳ್ಳಬಹುದು. ಮೀಟರ್ ಬೋರ್ಡ್ ಮೇಲೂ ಅದೇ ಎ, ಬಿ, ಸಿ ಪೇಂಟಲ್ಲಿ ಬರೆಸಿಬಿಡಿ.