ಔಷಧಿ ಹೊಡೆದ ಸಂಜೆ ಬೆವರು, ವಾಂತಿ: ಬಿಸಿಲೋ, ವಿಷವೋ?

ಸುಂಟಿಕೊಪ್ಪ ಬೆಳೆಗಾರ:
ಅರೇಬಿಕಾ ಕಾಫಿಗೆ ಬಿಳಿ ಕಾಂಡಕೊರಕ ಹುಳುವಿನ ಔಷಧಿ (ಕ್ಲೋರೊಪೈರಿಫಾಸ್ 20 ಇಸಿ) ಹೊಡೆಯುವ ಕಾಲ. ಸಂಜೆ ಕೆಲಸದವರಿಗೆ ತಲೆಸುತ್ತು, ಬೆವರು, ವಾಂತಿ ಬಂದರೆ ಏಪ್ರಿಲ್ ಬಿಸಿಲಿನದ್ದೋ ಔಷಧಿಯದ್ದೋ ಎಂದು ತೋಟದಲ್ಲೇ ತಿಳಿಯುವುದು ಹೇಗೆ? ಹಾಲು ಕುಡಿಸಿದರೆ ಸಾಕು ಅನ್ನುತ್ತಾರೆ ಲೈನ್ ಮನೆಯ (ತೋಟದ ಕಾರ್ಮಿಕರ ವಸತಿ) ಜನ.

ತುರ್ತು ವಿಭಾಗದ ವೈದ್ಯೆ:
ಮೊದಲು ಕಣ್ಣು ನೋಡಿ. ಬಿಸಿಲಿನ ಬಳಲಿಕೆಯಲ್ಲೂ ಬೆವರು, ವಾಂತಿ ಇರುತ್ತದೆ. ಆದರೆ ಕಣ್ಣಪಾಪೆ ಸಾಸಿವೆಯಷ್ಟು ಕುಗ್ಗುವುದಿಲ್ಲ, ಜೊಲ್ಲು ಸುರಿಯುವುದಿಲ್ಲ. ಹಾಗಂತ ಪಾಪೆ ಸರಿಯಿದೆ, ವಿಷವಲ್ಲ ಎಂದು ಕೂರಬೇಡಿ. ಕ್ಲೋರೊಪೈರಿಫಾಸ್‌ನಂಥ ಆರ್ಗನೊಫಾಸ್ಫೇಟ್ ಗುಂಪಿನ ಔಷಧಿ ನರದ ತುದಿಯಲ್ಲಿ ಅಸಿಟೈಲ್‌ಕೋಲಿನ್ (ನರದ ಸಂದೇಶ ಸಾಗಿಸುವ ರಾಸಾಯನಿಕ) ಒಡೆಯುವ ಕಿಣ್ವವನ್ನೇ ಕಟ್ಟಿಹಾಕುತ್ತದೆ. ಗ್ರಂಥಿ, ಸ್ನಾಯುಗಳಿಗೆ ಬಿಡುವೇ ಇಲ್ಲ: ಕಣ್ಣೀರು, ಭೇದಿ, ಅರಿವಿಲ್ಲದೆ ಮೂತ್ರ, ರೆಪ್ಪೆ ಮತ್ತು ತೊಡೆಯಲ್ಲಿ ಅದುರು. ಎದೆಯಲ್ಲಿ ಗೊರಗೊರ ಕೇಳಿದರೆ ಒಂದು ನಿಮಿಷವೂ ಕಾಯಬಾರದು. ಜೀವ ಹೋಗುವುದು ಹೆಚ್ಚಾಗಿ ಉಸಿರು ಸೋತೇ.

108ಕ್ಕೆ ಕರೆ ಮಾಡಿ. ಗಾಡಿ ಬರುವವರೆಗೆ ಕೈಗವಸು ಹಾಕಿಕೊಂಡು ನೆನೆದ ಬಟ್ಟೆ ತೆಗೆದು, ಸೋಪು ನೀರಲ್ಲಿ ಮೈ, ಕೂದಲು, ಉಗುರು ಸಂದು ತೊಳೆಯಿರಿ. ಎಡಮಗ್ಗುಲಿಗೆ ಮಲಗಿಸಿ. ಹಾಲು, ಉಪ್ಪುನೀರು ಎರಡೂ ಬೇಡ. ಇಸಿ ಎಂದರೆ ಎಣ್ಣೆಯಂಥ ದ್ರಾವಕದಲ್ಲಿ ಕರಗಿಸಿದ್ದು, ವಾಂತಿ ಮಾಡಿಸಿದರೆ ಅದು ಶ್ವಾಸಕೋಶಕ್ಕೆ ಇಳಿಯಬಹುದು. ಡಬ್ಬಿ ಅಥವಾ ಲೇಬಲ್‌ನ ಫೋಟೋ ಜೊತೆಗಿರಲಿ.

ಸುಂಟಿಕೊಪ್ಪ ಬೆಳೆಗಾರ:
ಡಾಕ್ಟ್ರೇ, ಈ ವಿಷಕ್ಕೆ ಕೊಡುವ ಅಟ್ರೋಪಿನ್ ಚುಚ್ಚುಮದ್ದು ತಂದು ತೋಟದಲ್ಲೇ ಇಟ್ಟುಕೊಂಡರೆ?

ತುರ್ತು ವಿಭಾಗದ ವೈದ್ಯೆ:
ಬೇಡ. ದೊಡ್ಡವರಿಗೆ ಶುರುವಿನ ಡೋಸೇ ಸುಮಾರು 2ರಿಂದ 3 ಮಿಲಿಗ್ರಾಂ, 0.6 ಮಿಲಿಗ್ರಾಂನ ಆಂಪೂಲ್ (ಚುಚ್ಚುಮದ್ದಿನ ಪುಟ್ಟ ಗಾಜಿನ ಸೀಸೆ) ಆದರೆ ನಾಲ್ಕೈದು ಬೇಕು. ಎದೆ ತಿಳಿಯಾಗುವವರೆಗೆ ಪ್ರತಿ 5 ನಿಮಿಷಕ್ಕೆ ದುಪ್ಪಟ್ಟು ಮಾಡುತ್ತಾ ರಕ್ತನಾಳಕ್ಕೆ ಕೊಡಬೇಕು, ನಾಡಿ, ಬಿಪಿ ನೋಡುತ್ತಲೇ ಇರಬೇಕು. ಹೆಚ್ಚಾದರೆ ಜ್ವರ, ಬಡಬಡಿಕೆ. ಜೊತೆಗೆ ಅಟ್ರೋಪಿನ್ ಸ್ನಾಯುಗಳ ಸೋಲನ್ನು ತಡೆಯುವುದಿಲ್ಲ. ಚೇತರಿಸಿಕೊಂಡಂತೆ ಕಂಡವರಿಗೂ 24ರಿಂದ 96 ಗಂಟೆಯೊಳಗೆ ಕುತ್ತಿಗೆ ಸೋತು, ದಿಂಬಿನಿಂದ ತಲೆ ಎತ್ತಲಾಗದೆ, ಉಸಿರು ನಿಲ್ಲಬಹುದು. ಮಾತಾಡ್ತಿದ್ದಾರೆ ಅಂತ ಮರುದಿನವೇ ಮನೆಗೆ ಕರೆತರುವುದು ಅಪಾಯ. ವೆಂಟಿಲೇಟರ್ ಇರುವ ಕಡೆಗೇ, ಮಡಿಕೇರಿಗೋ ಮೈಸೂರಿಗೋ, ಒಯ್ಯಿರಿ.

ಸಿದ್ದಾಪುರ ಫಾರ್ಮಸಿಸ್ಟ್:
ಒಂದು ಸೇರಿಸುತ್ತೇನೆ. ಡಬ್ಬಿ ಕಳೆನಾಶಕ ಪ್ಯಾರಾಕ್ವಾಟ್‌ದಾದರೆ ಲೆಕ್ಕವೇ ಬೇರೆ. ಪಾಪೆ ಕುಗ್ಗುವುದಿಲ್ಲ, ಅಟ್ರೋಪಿನ್ ಉಪಯೋಗಕ್ಕಿಲ್ಲ, ಪ್ರತಿವಿಷವೂ ಇಲ್ಲ. ಕುಡಿದವರಿಗೆ ಬಾಯಿ, ಗಂಟಲು ಸುಟ್ಟು ಹುಣ್ಣಾಗುತ್ತದೆ, ಮೂತ್ರ ಕಡಿಮೆಯಾಗುತ್ತದೆ, ದಿನ ಕಳೆದಂತೆ ಶ್ವಾಸಕೋಶ ಗಟ್ಟಿಯಾಗುತ್ತದೆ. ಆಮ್ಲಜನಕ ಕೂಡ ತೀರಾ ಕಡಿಮೆಯಾದಾಗ ಮಾತ್ರ ಕೊಡುತ್ತಾರೆ, ಯಾಕೆಂದರೆ ಅದೇ ಹಾನಿ ಹೆಚ್ಚಿಸುತ್ತದೆ. ಆದ್ದರಿಂದ ಆಸ್ಪತ್ರೆಯಲ್ಲಿ "ಔಷಧಿ" ಎಂದಷ್ಟೇ ಹೇಳದೆ ಡಬ್ಬಿಯ ಮೇಲಿನ ಹೆಸರು ಓದಿ ಹೇಳಿ.