ಸಹಾಯ ಬೇಕು: ದ್ರವಸ್ಫಟಿಕದಲ್ಲಿ ಕಣಗಳ ಸೆಳೆತದ ಲೆಕ್ಕ ಹೊಂದುತ್ತಿಲ್ಲ

5ಸಿಬಿ ಎಂಬ ನೆಮ್ಯಾಟಿಕ್ ದ್ರವಸ್ಫಟಿಕದಲ್ಲಿ (ದ್ರವದಂತೆ ಹರಿದರೂ ಅಣುಗಳು ಒಂದೇ ದಿಕ್ಕಿಗೆ ಮುಖಮಾಡಿರುವ ವಸ್ತು) 5 ಮೈಕ್ರೋಮೀಟರ್ ವ್ಯಾಸದ ಸಿಲಿಕಾ ಗುಂಡುಗಳನ್ನು ಬೆರೆಸಿದ್ದೇನೆ. ಅಣುಗಳು ಗುಂಡಿನ ಮೇಲ್ಮೈಗೆ ಲಂಬವಾಗಿ ನಿಲ್ಲುವಂತೆ ಲೇಪನವೂ ಆಗಿದೆ. ಸೂಕ್ಷ್ಮದರ್ಶಕದಲ್ಲಿ ಪ್ರತಿ ಗುಂಡಿನ ಪಕ್ಕ ದೃಷ್ಟಿಬೊಟ್ಟಿನಂತೆ ಒಂದು ಚುಕ್ಕಿದೋಷ, ಅಂದರೆ ಅಣುಗಳ ಜೋಡಣೆ ಕೆಡುವ ಬಿಂದು. ಎಂದರೆ ಇವು ಪುಟ್ಟ ಅಯಸ್ಕಾಂತಗಳಂತೆ ಎರಡು ತುದಿ ಬೇರೆಬೇರೆಯಾದ ದ್ವಿಧ್ರುವಗಳು; ಇರುವೆಗಳಂತೆ ಸಾಲುಗಟ್ಟುತ್ತವೆ, ನೋಡಲು ಬಲು ಚೆಂದ. (ಚುಕ್ಕಿಯ ಬದಲು ಸುತ್ತಲೂ ಉಂಗುರದಂಥ ದೋಷ, ಅಂದರೆ ಶನಿಯುಂಗುರ, ತೊಟ್ಟ ಕೆಲವನ್ನು ಲೆಕ್ಕದಿಂದ ಕೈಬಿಟ್ಟಿದ್ದೇನೆ.)

ತೊಡಕು ಇಲ್ಲಿದೆ. ಎರಡು ಗುಂಡುಗಳ ನಡುವಿನ ಬಲವು ಅಂತರದ ನಾಲ್ಕನೇ ಘಾತಕ್ಕೆ ವಿಲೋಮವಾಗಿದ್ದು, ಅದನ್ನು ಸ್ಟೋಕ್ಸ್ ಘರ್ಷಣೆ (ಚಲಿಸುವ ಗುಂಡಿಗೆ ದ್ರವ ಒಡ್ಡುವ, ವೇಗಕ್ಕೆ ತಕ್ಕ ತಡೆ) ಸರಿದೂಗಿಸಿದರೆ, ಅಂತರದ ಐದನೇ ಘಾತ ಕಾಲದೊಂದಿಗೆ ನೇರ ಗೆರೆಯಲ್ಲಿ ಇಳಿಯಬೇಕು. ಹತ್ತಿರದಲ್ಲಿ ಇಳಿಯುತ್ತದೆ, 15 ಮೈಕ್ರೋಮೀಟರ್ ಆಚೆ ಗೆರೆ ಬಾಗಿ, ಸೆಳೆತ ಸೊರಗುತ್ತದೆ. ದ್ರವಸ್ಫಟಿಕ ತುಂಬಿದ ಕೋಶದ, ಅಂದರೆ ಎರಡು ಗಾಜುಗಳ ನಡುವಿನ ತೆರಪಿನ, ದಪ್ಪ 12 ಮೈಕ್ರೋಮೀಟರ್. ಗಾಜಿನ ಗೋಡೆಗಳೇ ಬಲವನ್ನು ನುಂಗುತ್ತಿವೆಯೆಂಬ ಗುಮಾನಿ ನನ್ನದು. ದಪ್ಪ ಕೋಶದಲ್ಲಿ ಅಳೆದವರು ಯಾರಾದರೂ ಇದ್ದೀರಾ?